ಸಂಗೀತ ಕಾರ್ಯಕ್ರಮದ ವಿಮರ್ಶೆಯಲ್ಲಿ ಸದ್ದಿನ ಮಾತೂ ಇರಲಿ

ಮಾನ್ಯ ಸಂಪಾದಕರಿಗೆ,

ನಮಸ್ಕಾರಗಳು. ತಮ್ಮ ಪತ್ರಿಕೆಯಲ್ಲಿ ಪ್ರಕಟವಾಗುವ ಸಂಗೀತ ಕಾರ್ಯಕ್ರಮಗಳ ವಿಮರ್ಶೆಗಳನ್ನು ಒಂದನ್ನೂ ಬಿಡದೆ ಓದುವವನು ನಾನು. ಎಷ್ಟು ಜನ ಸೇರಿದ್ದರು, ಯಾವ ಹಾಡಿನಿಂದ ಆರಂಭವಾಯಿತು, ಬೆಳಕಿನ ವಿನ್ಯಾಸ ಹೇಗಿತ್ತು, ಕೊನೆಯಲ್ಲಿ ಕೇಳುಗರ ಒತ್ತಾಯಕ್ಕೆ ಮಣಿದು ಇನ್ನೆಷ್ಟು ಹಾಡಿದರು ಎಂಬುದೆಲ್ಲ ಅವುಗಳಲ್ಲಿ ವಿವರವಾಗಿಯೇ ಇರುತ್ತದೆ. ಆದರೆ ಹಾಡು ಹೇಗೆ ಕೇಳಿಸಿತು ಎಂಬ ಒಂದು ಮಾತು ಮಾತ್ರ ಸಿಗುವುದು ಅಪರೂಪ. ಸಾಹಿತ್ಯ ಸ್ಪಷ್ಟವಾಗಿತ್ತೇ, ವಾದ್ಯಗಳು ಒಂದರ ಮೇಲೊಂದು ಬೀಳದೆ ಬಿಡಿಬಿಡಿಯಾಗಿ ಕೇಳಿಸಿದವೇ, ಹಿಂದಿನ ಸಾಲಿನವರಿಗೆ ಏನು ತಲುಪಿತು, ಮುಂದಿನ ಸಾಲಿನವರ ಕಿವಿಯ ಗತಿ ಏನಾಯಿತು ಎಂಬುದನ್ನೂ ವಿಮರ್ಶಕರು ಬರೆಯಬೇಕೆಂದು ಕೋರುವುದಕ್ಕಾಗಿ ಈ ಪತ್ರ.

ಈ ಕೊರತೆ ನನಗೆ ಎದ್ದು ಕಂಡದ್ದು ಒಂದು ಹಾಡಿನ ಕಾರಣದಿಂದ. ನಾಲ್ಕು ನಿಮಿಷದ ಹಾಡು ಅದು. ಎರಡನೆಯ ಚರಣ ಮುಗಿಯುತ್ತಿದ್ದಂತೆ ಡ್ರಮ್ಸ್, ಬೇಸ್, ಕೀಬೋರ್ಡ್ ಎಲ್ಲವೂ ಒಮ್ಮೆಲೇ ನಿಂತು, ಒಂದು ಗಿಟಾರ್ ಮತ್ತು ಗಾಯಕಿಯ ದನಿ ಮಾತ್ರ ಉಳಿಯುತ್ತವೆ. ಬೆರಳು ಒಂದು ಮನೆಯಿಂದ ಇನ್ನೊಂದಕ್ಕೆ ಜಾರುವಾಗ ತಂತಿ ಕಿರ್ ಎನ್ನುವುದು ಕೇಳಿಸುತ್ತದೆ. ಕೊನೆಯ ಸಾಲಿಗೆ ಮುಂಚೆ ಆಕೆ ಎಳೆದುಕೊಳ್ಳುವ ಉಸಿರೂ ಕೇಳಿಸುತ್ತದೆ. ಧ್ವನಿಮುದ್ರಣ ಮಾಡಿದವರು ಮನಸ್ಸು ಮಾಡಿದ್ದರೆ ಅದನ್ನು ಅಳಿಸಿಹಾಕಬಹುದಿತ್ತು, ಪುಣ್ಯಕ್ಕೆ ಉಳಿಸಿದ್ದಾರೆ. ಆ ಒಂದು ಉಸಿರಿಗಾಗಿಯೇ ಹಾಡನ್ನು ಮತ್ತೆ ಮತ್ತೆ ಹಾಕುತ್ತೇನೆ ಎಂದರೆ ಮನೆಯವರು ನಗುತ್ತಾರೆ, ನಗಲಿ.

ಅದೇ ತಂಡದ ಕಾರ್ಯಕ್ರಮಕ್ಕೆ ಹೋದಾಗ ನನಗೆ ಹತ್ತನೆಯ ಸಾಲಿನಲ್ಲಿ ಜಾಗ ಸಿಕ್ಕಿತ್ತು. ಮೊದಲ ಹಾಡಿಗೇ ಅಂಗಿಯ ಗುಂಡಿಗಳು ಎದೆಯ ಮೇಲೆ ಅದುರತೊಡಗಿದವು. ಕೈಯಲ್ಲಿದ್ದ ಬಾಟಲಿಯ ನೀರಿನಲ್ಲಿ ಸಣ್ಣ ಸಣ್ಣ ಬಳೆಗಳಂತೆ ಅಲೆಗಳೆದ್ದವು. ಕುತೂಹಲಕ್ಕೆಂದು ಮೊಬೈಲಿನಲ್ಲಿ ಸದ್ದು ಅಳೆಯುವ ಆ್ಯಪ್ ತೆರೆದೆ, 107 ಡೆಸಿಬಲ್ ತೋರಿಸಿತು. ಮೊಬೈಲಿನ ಅಳತೆ ಕರಾರುವಾಕ್ಕಾದುದಲ್ಲ ಎಂಬುದು ನನಗೂ ಗೊತ್ತು. ನಾಲ್ಕೈದು ಡೆಸಿಬಲ್ ಬಿಟ್ಟು ಲೆಕ್ಕ ಹಾಕಿದರೂ ಅದು ಸಣ್ಣ ಸದ್ದೇನಲ್ಲ. ನಾನು ಕಾದಿದ್ದ ಹಾಡು ಬಂತು, ಎರಡನೆಯ ಚರಣವೂ ಮುಗಿಯಿತು, ವಾದ್ಯಗಳೂ ನಿಂತವು. ಆದರೆ ಡ್ರಮ್ಸಿನ ಕೊನೆಯ ಪೆಟ್ಟು ಹಿಂಬದಿಯ ಗೋಡೆಗೆ ಬಡಿದು ಮರಳಿ ಗಾಯಕಿಯ ಮೊದಲ ಪದದ ಮೇಲೆ ಬಿತ್ತು. ಉಳಿದ ಪದಗಳ ಕೆಳಗೆ ಸ್ಪೀಕರುಗಳ ಗುಂಯ್‌ಗುಡುವಿಕೆ ಇತ್ತು. ಅಷ್ಟರಲ್ಲಿ ನನ್ನ ಕಿವಿಯೂ ಮಂದವಾಗಿತ್ತು. ಗಿಟಾರ್ ವಾದಕನ ಬೆರಳು ಜಾರಿದ್ದನ್ನು ದೊಡ್ಡ ಪರದೆಯ ಮೇಲೆ ಕಂಡೆನೇ ಹೊರತು ಕೇಳಲಿಲ್ಲ. ಉಸಿರಿನ ಮಾತಂತೂ ದೂರವೇ ಉಳಿಯಿತು. ಕಿವಿಯೊಳಗಿನ ಮೊರೆತ ಮರುದಿನ ಸಂಜೆಯವರೆಗೂ ಹೋಗಲಿಲ್ಲ. ಆ ಕಾರ್ಯಕ್ರಮದ ಬಗ್ಗೆ ನಾನು ಓದಿದ ಬರಹವೊಂದು ಬೆಳಕು ಮತ್ತು ಜನಸಂದಣಿಯನ್ನು ಬಾಯ್ತುಂಬ ಹೊಗಳಿತ್ತು.

ಡೆಸಿಬಲ್ ಎಂಬುದು ಮೋಸಗೊಳಿಸುವ ಲೆಕ್ಕ. ಮೂರು ಡೆಸಿಬಲ್ ಏರಿದರೆ ಕಿವಿಯನ್ನು ಹೊಗುವ ಶಕ್ತಿ ಇಮ್ಮಡಿಯಾಗುತ್ತದೆ, ಹತ್ತು ಏರಿದರೆ ಹತ್ತು ಪಟ್ಟಾಗುತ್ತದೆ; ಆದರೆ ಆ ಹತ್ತು ಪಟ್ಟು ನಮಗೆ ಸುಮಾರು ಎರಡು ಪಟ್ಟು ಜೋರೆಂದಷ್ಟೇ ಭಾಸವಾಗುತ್ತದೆ. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯದ ರಾಷ್ಟ್ರೀಯ ಸಂಸ್ಥೆಯು ಕಾರ್ಮಿಕರಿಗೆ 85 ಡೆಸಿಬಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆಯ ಮಿತಿ ಹಾಕಿ, ಮುಂದಿನ ಪ್ರತಿ 3 ಡೆಸಿಬಲ್‌ಗೆ ಆ ಅವಧಿಯನ್ನು ಅರ್ಧಕ್ಕೆ ಇಳಿಸುತ್ತದೆ. ಆ ಲೆಕ್ಕದಲ್ಲಿ 100 ಡೆಸಿಬಲ್‌ಗೆ ಸಿಗುವುದು 15 ನಿಮಿಷ ಮಾತ್ರ. ಪ್ರತಿ ಒಳಕಿವಿಯಲ್ಲೂ ಬಸವನಹುಳುವಿನಂಥ ಸುರುಳಿಯೊಂದಿದೆ. ಆ ಸುರುಳಿಯಲ್ಲಿ ಶಬ್ದವನ್ನು ಹಿಡಿಯುವ, ಕೂದಲಿನಂಥ ಎಳೆಗಳುಳ್ಳ ಸುಮಾರು 15,000 ಜೀವಕೋಶಗಳೊಂದಿಗೆ ನಾವು ಹುಟ್ಟುತ್ತೇವೆ. ಅವು ಸತ್ತರೆ ಮತ್ತೆ ಬೆಳೆಯುವುದಿಲ್ಲ.

ಈ ತೊಂದರೆ ಇಂದಿನದಲ್ಲ. 1965ರ ಆಗಸ್ಟ್ 15ರಂದು ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ ಬೀಟಲ್ಸ್ ತಂಡ ಸುಮಾರು 55,000 ಜನರೆದುರು ಹಾಡಿದಾಗ ತೊಂದರೆ ಇದಕ್ಕೆ ತಿರುಗುಮುರುಗಾಗಿತ್ತು. 100 ವಾಟ್‌ಗಳ ಆಂಪ್ಲಿಫೈಯರುಗಳೂ ಕ್ರೀಡಾಂಗಣದ ಧ್ವನಿವರ್ಧಕಗಳೂ ಅಭಿಮಾನಿಗಳ ಕಿರುಚಾಟದಲ್ಲಿ ಮುಳುಗಿಹೋದವು. ಡ್ರಮ್ಸ್ ನುಡಿಸುತ್ತಿದ್ದ ರಿಂಗೊ ಸ್ಟಾರ್ ಅಂಥ ಕಾರ್ಯಕ್ರಮಗಳಲ್ಲಿ ಮುಂದೆ ನಿಂತವರ ಮೈಯ ಓಲಾಟ ನೋಡಿಕೊಂಡು ಹಾಡು ಎಲ್ಲಿಗೆ ಬಂತೆಂದು ಅಂದಾಜು ಮಾಡಬೇಕಾಗುತ್ತಿತ್ತು. ಮರುವರ್ಷದ ಆಗಸ್ಟ್‌ನಲ್ಲಿ ಆ ತಂಡ ಪ್ರವಾಸವನ್ನೇ ನಿಲ್ಲಿಸಿತು, ಅದಕ್ಕಿದ್ದ ಕಾರಣಗಳಲ್ಲಿ ಇದೂ ಒಂದು. ಆಮೇಲೆ ಯಂತ್ರಗಳು ಬೆಳೆದವು, ಎಷ್ಟೆಂದರೆ 1976ರಲ್ಲಿ ಲಂಡನ್ನಿನ ಚಾರ್ಲ್ಟನ್ ಮೈದಾನದಲ್ಲಿ ‘ದಿ ಹೂ’ ಎಂಬ ರಾಕ್ ತಂಡದ ಸದ್ದು ಸ್ಪೀಕರುಗಳಿಂದ 32 ಮೀಟರ್ ದೂರದಲ್ಲಿ 126 ಡೆಸಿಬಲ್ ಇದ್ದುದಾಗಿ ಗಿನ್ನೆಸ್ ಪುಸ್ತಕದಲ್ಲಿ ದಾಖಲಾಯಿತು. ಕಿವಿಗೆ ಹಾನಿ ಮಾಡುವ ಪೈಪೋಟಿಗೆ ಇಂಬು ಕೊಡಬಾರದೆಂದು ಗಿನ್ನೆಸ್‌ನವರು ಮುಂದೆ ಆ ವಿಭಾಗವನ್ನೇ ಕೈಬಿಟ್ಟರು. ಅದೇ ತಂಡದ ಗಿಟಾರ್ ವಾದಕ ಪೀಟ್ ಟೌನ್‌ಶೆಂಡ್ ತಮ್ಮ ಶ್ರವಣಶಕ್ತಿಗೆ ಆದ ಹಾನಿಯ ಬಗ್ಗೆ ಬಹಿರಂಗವಾಗಿಯೇ ಮಾತನಾಡಿದ್ದಾರೆ.

ಹಿಂದಿನ ಸಾಲಿಗೂ ಕೇಳಿಸಬೇಕೆಂದರೆ ಮುಂದೆ ಜೋರಾಗಿ ಇಡಲೇಬೇಕಲ್ಲ ಎಂದು ಆಯೋಜಕರು ವಾದಿಸುವುದುಂಟು. ಬಯಲಿನಲ್ಲಿ ಸ್ಪೀಕರಿನಿಂದ ದೂರ ಇಮ್ಮಡಿಯಾದಾಗಲೆಲ್ಲ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತದೆ ಎಂಬುದು ನಿಜ. ಅದಕ್ಕೆ ಪರಿಹಾರವೂ ಇದೆ: ಮೈದಾನದ ನಡುವೆ ಇನ್ನೊಂದು ಸಾಲು ಸ್ಪೀಕರುಗಳನ್ನು ನಿಲ್ಲಿಸಿ, ವೇದಿಕೆಯ ಸದ್ದು ಗಾಳಿಯಲ್ಲಿ ಅಲ್ಲಿಗೆ ಬರಲು ತಗಲುವಷ್ಟೇ ಹೊತ್ತು ತಡವಾಗಿ ಅವುಗಳ ಸದ್ದನ್ನು ಹೊರಬಿಡುವುದು. ಶಬ್ದ ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವುದರಿಂದ, 34 ಮೀಟರ್ ದೂರಕ್ಕೆ ಆ ತಡ ಸೆಕೆಂಡಿನ ಹತ್ತನೆಯ ಒಂದು ಭಾಗ. ಇದು ಧ್ವನಿ ತಂತ್ರಜ್ಞರಿಗೆ ಹೊಸತೇನಲ್ಲ. ಖರ್ಚು ಮಾಡುವ ಮನಸ್ಸಿಲ್ಲದಿದ್ದಾಗ ಮುಂದಿನ ಸ್ಪೀಕರನ್ನೇ ಏರಿಸಿ ಕೈತೊಳೆದುಕೊಳ್ಳುತ್ತಾರೆ.

ನಾನು ಪಿಸುಮಾತಿನ ಸಂಗೀತ ಬೇಕೆಂದು ಹಟ ಹಿಡಿದಿಲ್ಲ. ಬೇಸ್ ಗಿಟಾರಿನ ನಾದ ಎದೆಗೂಡಿನಲ್ಲಿ ಮಿಡಿಯುವುದು ಮನೆಯ ಸ್ಪೀಕರಿನಿಂದ ಸಿಗದ ಸುಖ, ಅದಕ್ಕಾಗಿಯೇ ನಾನೂ ಹೋಗುವುದು. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತ ತಾಣಗಳಿಗೆಂದು ಪ್ರಕಟಿಸಿದ ಮಾನದಂಡ ಕೂಡ 15 ನಿಮಿಷದ ಸರಾಸರಿಯಲ್ಲಿ 100 ಡೆಸಿಬಲ್‌ವರೆಗೆ ಒಪ್ಪುತ್ತದೆ. ಇದನ್ನು ಮೆಲುದನಿ ಎಂದು ಯಾರೂ ಹೇಳಲಾರರು. ಸದ್ದನ್ನು ನಿರಂತರವಾಗಿ ಅಳೆಯುತ್ತಿರಬೇಕು, ಕೇಳುಗರಿಗೆ ಇಯರ್‌ಪ್ಲಗ್ ಸಿಗಬೇಕು, ಕಿವಿಗೆ ವಿರಾಮ ಕೊಡಲು ನಿಶ್ಶಬ್ದದ ಜಾಗವೊಂದು ಇರಬೇಕು ಎಂದೂ ಅದು ಹೇಳುತ್ತದೆ. ನಾನು ಹೋದಲ್ಲಿ ಇವುಗಳಲ್ಲಿ ಒಂದೂ ಇರಲಿಲ್ಲ.

ಇದಕ್ಕೆ ವಿರುದ್ಧವಾದ ಒಂದು ಸಂಜೆಯನ್ನೂ ಹೇಳಬೇಕು. ಇನ್ನೂರು ಜನ ಹಿಡಿಯುವ ಸಭಾಂಗಣ. ಗಾಯಕರಿಗೆ ಅಂದು ನೆಗಡಿ. ಮೊದಲ ಹಾಡಿನಲ್ಲೇ ಮೇಲಿನ ಸ್ವರ ಒಡೆಯಿತು. ಅವರು ಮುಚ್ಚುಮರೆಯಿಲ್ಲದೆ ಕ್ಷಮೆ ಕೇಳಿ, ಮುಂದಿನ ಹಾಡುಗಳನ್ನೆಲ್ಲ ಎರಡು ಮನೆ ಕೆಳಗಿನ ಶ್ರುತಿಗೆ ಇಳಿಸಿಕೊಂಡರು. ಡ್ರಮ್ಸ್‌ನವರು ಕೋಲುಗಳನ್ನು ಕೆಳಗಿಟ್ಟು ತಂತಿಯ ಬ್ರಶ್‌ಗಳನ್ನು ಕೈಗೆತ್ತಿಕೊಂಡರು. ನನಗೆ ವರ್ಷಗಳಿಂದ ಬಾಯಿಪಾಠವಾಗಿದ್ದ ಕುಣಿತದ ಹಾಡೊಂದು ಆ ಶ್ರುತಿಯಲ್ಲಿ ನಿಧಾನವಾಗಿ ಬಂದಾಗ, ಅದರ ಸಾಹಿತ್ಯದಲ್ಲಿ ಅಗಲಿಕೆಯ ಮಾತಿತ್ತೆಂಬುದು ಮೊತ್ತಮೊದಲ ಬಾರಿಗೆ ಕಿವಿಗೆ ಬಿತ್ತು. ನೂರು ಸಲ ಕೇಳಿದ ಹಾಡಿನ ಒಂದು ಸಾಲು ಅಷ್ಟು ವರ್ಷ ನನ್ನಿಂದ ತಪ್ಪಿಸಿಕೊಂಡಿತ್ತು! ನನ್ನ ಪಕ್ಕದಲ್ಲಿ ಮೊಬೈಲ್ ಎತ್ತಿ ಹಿಡಿದು ಚಿತ್ರೀಕರಿಸುತ್ತಿದ್ದವರೂ ಆ ಹಾಡಿನ ನಡುವೆ ಕೈ ಇಳಿಸಿದರು. ಆ ಸಂಜೆಯ ಬಗ್ಗೆ ಎಲ್ಲಿಯೂ ಬರಹ ಬಂದಂತಿಲ್ಲ. ಬಂದಿದ್ದರೂ ಗಾಯಕರ ದನಿ ಕೆಟ್ಟಿತ್ತು ಎಂಬ ಒಂದು ವಾಕ್ಯಕ್ಕೆ ಅದು ಮುಗಿದುಹೋಗುತ್ತಿತ್ತೋ ಏನೋ.

ಆದ್ದರಿಂದ ತಮ್ಮಲ್ಲಿ ನನ್ನ ವಿನಂತಿ ಇಷ್ಟೇ. ವಿಮರ್ಶಕರನ್ನು ಕಳುಹಿಸುವಾಗ ಕಾರ್ಯಕ್ರಮದ ಸ್ವಲ್ಪ ಭಾಗವನ್ನಾದರೂ ಗಣ್ಯರ ಆಸನ ಬಿಟ್ಟು ಕೊನೆಯ ಸಾಲಿನಲ್ಲಿ ನಿಂತು ಕೇಳಲು ಹೇಳಿ. ಅಲ್ಲಿ ಸಾಹಿತ್ಯ ತಿಳಿಯಿತೋ ಇಲ್ಲವೋ ಎಂಬುದನ್ನು ಎರಡು ವಾಕ್ಯಗಳಲ್ಲಿ ಬರೆಯಲಿ. ಆಯೋಜಕರು ಸದ್ದನ್ನು ಅಳೆಯುತ್ತಿದ್ದರೆ ಆ ಅಂಕಿಯನ್ನು, ಅಳೆಯುತ್ತಿರದಿದ್ದರೆ ಆ ಸಂಗತಿಯನ್ನು ದಾಖಲಿಸಲಿ. ಟಿಕೆಟ್ ಕೊಂಡು ಹೋಗುವವರು ಒಬ್ಬೊಬ್ಬರಾಗಿ ದೂರಿದರೆ ಯಾರೂ ಕಿವಿಗೊಡುವುದಿಲ್ಲ, ಆದರೆ ಅಚ್ಚಾದ ಮಾತನ್ನು ಮುಂದಿನ ಕಾರ್ಯಕ್ರಮದ ಆಯೋಜಕರು ಖಂಡಿತ ಓದುತ್ತಾರೆ.

ಮೇಲೆ ಹೇಳಿದ ಗಾಯಕಿಯ ತಂಡ ಮತ್ತೆ ಬರಲಿದೆ. ನಾನು ಈ ಸಲ ಹದಿನೆಂಟನೆಯ ಸಾಲಿನ ಟಿಕೆಟ್ ತೆಗೆದುಕೊಂಡಿದ್ದೇನೆ. ಎಲ್ಲ ಸ್ವರಗಳನ್ನೂ ಸಮನಾಗಿ ತಗ್ಗಿಸುವ, ಸಂಗೀತಗಾರರು ಬಳಸುವ ಬಗೆಯ ಇಯರ್‌ಪ್ಲಗ್ ಜೋಡಿಯೊಂದು ಕಿಸೆಯಲ್ಲಿರುತ್ತದೆ. ಆ ಉಸಿರು ಈ ಬಾರಿಯೂ ಕೇಳಿಸದೆ ಹೋದರೆ, ತಪ್ಪು ನನ್ನ ಕಿವಿಯದೋ ಸ್ಪೀಕರಿನದೋ ಎಂಬುದನ್ನು ಮರುದಿನ ತಮ್ಮ ಪತ್ರಿಕೆಯಲ್ಲಿ ಓದಿ ತಿಳಿಯುವಂತಾಗಲಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಸಂಗೀತಪ್ರಿಯ ಓದುಗ