ಪತ್ತನಾಜೆಗೆ ಮೊದಲು ಕಾರು ತನ್ನಿ: ನಮ್ಮ ವರ್ಕ್‌ಶಾಪಿನ ಕೆಲಸದಲ್ಲಿ ಆಗುತ್ತಿರುವ ಬದಲಾವಣೆ

ಪ್ರೀತಿಯ ಗ್ರಾಹಕರಿಗೆ ನಮಸ್ಕಾರ.

ಕುಂಬಳೆ–ಬದಿಯಡ್ಕ ದಾರಿಯಲ್ಲಿ ಸೀತಾಂಗೋಳಿಯ ಹತ್ತಿರ ಇರುವ ನಮ್ಮ ವರ್ಕ್‌ಶಾಪಿಗೆ ಬರುವವರಲ್ಲಿ ಹೆಚ್ಚಿನವರು ಹಗುರ ಕಾರಿನ ಹುಚ್ಚು ಹತ್ತಿಸಿಕೊಂಡವರು. ಮಾರುತಿಯ ಹಳೆಯ ಝೆನ್, 800, ಎಸ್ಟೀಮ್‌ಗಳನ್ನು ಮಗುವಿನ ಹಾಗೆ ನೋಡಿಕೊಳ್ಳುವವರಿದ್ದಾರೆ, ಸ್ವಿಫ್ಟನ್ನು ಘಾಟಿಗೆ ತಕ್ಕಂತೆ ಹದಗೊಳಿಸಿಕೊಂಡವರಿದ್ದಾರೆ. ಫೈಬರ್ ಮೈಯ ಸ್ಯಾನ್ ಸ್ಟಾರ್ಮ್, ಗಲ್ಫಿನಿಂದ ಬಂದ ಮಝ್ದಾ ಎಂಎಕ್ಸ್ 5 ಮುಂತಾದ ನಿಜವಾದ ಎರಡು ಸೀಟಿನ ಸ್ಪೋರ್ಟ್ಸ್ ಕಾರುಗಳೂ ಆಗೊಮ್ಮೆ ಈಗೊಮ್ಮೆ ನಮ್ಮ ರ‍್ಯಾಂಪ್ ಹತ್ತುತ್ತವೆ. ಈ ಪತ್ರ ನಿಮಗೆಲ್ಲ ಸೇರಿ.

ವಿಷಯ ಇಷ್ಟು. ರಸ್ತೆಯಲ್ಲಿ ಓಡುವ ಕಾರುಗಳಿಗೆ ನಾಲ್ಕು ಕೆಲಸಗಳನ್ನು ಇನ್ನು ಮುಂದೆ ನಾವು ಮಾಡುವುದಿಲ್ಲ. ಸ್ಪ್ರಿಂಗ್ ಕತ್ತರಿಸಿ ಕಾರು ತಗ್ಗಿಸುವುದು, ಸೈಲೆನ್ಸರ್ ತೆಗೆದು ಸದ್ದು ಮಾಡಿಸುವುದು, ಮಡ್‌ಗಾರ್ಡಿನಿಂದ ಹೊರಗೆ ಚಾಚುವ ವೀಲ್ ಹಾಕುವುದು, ಹ್ಯಾಲೊಜನ್ ಬಲ್ಬಿಗೆಂದು ಮಾಡಿದ ಹೆಡ್‌ಲೈಟಿನೊಳಗೆ ಎಲ್‌ಇಡಿ ತುರುಕುವುದು. ಆ ಹೊತ್ತನ್ನೆಲ್ಲ ಮಳೆಗಾಲಕ್ಕೆ ಮೊದಲಿನ ಪೂರ್ಣ ತಪಾಸಣೆಗೆ ಮೀಸಲಿಡುತ್ತೇವೆ. ತಪಾಸಣೆ ಬುಕಿಂಗ್ ಮೇಲೆ ಮಾತ್ರ, ಮತ್ತು ಅದು ಪತ್ತನಾಜೆಯ ಒಳಗೆ ಮುಗಿಯಬೇಕು. ಯಕ್ಷಗಾನ ಮೇಳದವರು ಗೆಜ್ಜೆ ಬಿಚ್ಚುವ ಆ ದಿನ ನಮ್ಮ ಪಾಲಿಗೂ ಸೀಸನ್ನಿನ ಕೊನೆ. ತುಳು ತಿಂಗಳು ಬೇಷದ ಹತ್ತು, ಅಂದರೆ ಮೇ 24–25ರ ಸುಮಾರಿಗೆ. ಆಮೇಲೆ ಮಳೆ ಹಿಡಿದರೆ ಅಡಿಭಾಗ ಒಣಗಿಸಿ ತುಕ್ಕುನಿರೋಧಕ ಬಳಿಯುವುದು ಆಗಿಹೋಗುವ ಮಾತಲ್ಲ.

ಕಾರಣ ಕೇಳುತ್ತೀರಿ. ಕಾನೂನಿನದ್ದು ಮೊದಲು ಹೇಳಿ ಮುಗಿಸುತ್ತೇವೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ತಯಾರಕರು ಕೊಟ್ಟ ಮೂಲ ವಿವರ ಬದಲಾಗುವ ಹಾಗೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಖಡಾಖಂಡಿತವಾಗಿ ಹೇಳಿತು, ಅದೂ ಕೇರಳದಿಂದಲೇ ಹೋದ ಪ್ರಕರಣದಲ್ಲಿ. ಅದೇ ವರ್ಷದ ತಿದ್ದುಪಡಿಯ ಮೇಲೆ ಒಂದೊಂದು ಮಾರ್ಪಾಡಿಗೂ ಮಾಲಕರಿಗೆ 5000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ವೀಲ್, ಸೈಲೆನ್ಸರ್, ಸ್ಪ್ರಿಂಗ್ ಎಂದು ಲೆಕ್ಕ ಹಾಕಿದರೆ ದಾರಿಯಲ್ಲಿ ಒಮ್ಮೆ ಸಿಕ್ಕಿಬಿದ್ದರೆ ದಂಡವೇ ಹದಿನೈದು ಸಾವಿರ. ಗಡಿಯ ತಲಪಾಡಿ ದಾಟಿದರೆ ಕೇಳುವವರಿಲ್ಲ ಎಂದು ಸಮಾಧಾನ ಹೇಳುವವರಿದ್ದಾರೆ. ಕಾಯ್ದೆ ಕೇಂದ್ರದ್ದು, ಕಾಸರಗೋಡಿನ ಕೆಎಲ್ 14ಕ್ಕೂ ಮಂಗಳೂರಿನ ಕೆಎ 19ಕ್ಕೂ ಬೇರೆ ಬೇರೆ ಇಲ್ಲ.

ಆದರೆ ದಂಡದ ಹೆದರಿಕೆಯೊಂದೇ ಆಗಿದ್ದರೆ ಈ ಪತ್ರ ಇಷ್ಟು ಉದ್ದ ಆಗುತ್ತಿರಲಿಲ್ಲ. ನಿಜವಾದ ಕಾರಣ ಬೇರೆ: ಈ ನಾಲ್ಕೂ ಕೆಲಸಗಳು ಹಗುರ ಕಾರನ್ನು ಹಗುರ ಕಾರಾಗಿ ಉಳಿಸುವುದಿಲ್ಲ.

ಮಾರುತಿ 800ರ ತೂಕ 650 ಕಿಲೊ ಆಸುಪಾಸು. ಮೊದಲ ತಲೆಮಾರಿನ ಎಂಎಕ್ಸ್ 5 ಒಂದು ಟನ್ನಿಗಿಂತ ಸ್ವಲ್ಪ ಕಡಿಮೆ. ಈ ಕಾರುಗಳ ಮಜಾ ಇರುವುದು ಎಂಜಿನ್ನಿನ ಬಲದಲ್ಲಲ್ಲ, ತಿರುವಿಗೆ ಸ್ಟಿಯರಿಂಗ್ ಕೊಟ್ಟ ಕ್ಷಣವೇ ಮೂತಿ ತಿರುಗುವುದರಲ್ಲಿ, ಬ್ರೇಕ್ ಮುಟ್ಟಿದಲ್ಲಿಗೆ ನಿಲ್ಲುವುದರಲ್ಲಿ. ಅದಕ್ಕೆ ಎರಡು ಸಂಗತಿ ಬೇಕು: ಚಕ್ರಗಳು ಹಗುರ ಇರಬೇಕು, ಸಸ್ಪೆನ್ಷನ್ನಿಗೆ ಮೇಲೆ ಕೆಳಗೆ ಆಡಲು ಜಾಗ ಇರಬೇಕು. ಭಾರದ 17 ಇಂಚಿನ ಅಲಾಯ್ ಹಾಕಿದಿರೋ, ಮೊದಲನೆಯದು ಹೋಯಿತು. ಸ್ಪ್ರಿಂಗಿನ ಒಂದು ಸುತ್ತು ಕತ್ತರಿಸಿದಿರೋ, ಎರಡನೆಯದೂ ಹೋಯಿತು. ಕತ್ತರಿಸಿದ ಸ್ಪ್ರಿಂಗ್ ಗಿಡ್ಡವಾಗುವುದಷ್ಟೇ ಅಲ್ಲ, ಗಡುಸೂ ಆಗುತ್ತದೆ. ಹಳೆಯ ಶಾಕ್ ಅಬ್ಸಾರ್ಬರಿಗೆ ಅದನ್ನು ಹಿಡಿಯುವ ತಾಕತ್ತಿಲ್ಲ. ಕಾರು ಸಸ್ಪೆನ್ಷನ್ನಿನ ಕೊನೆಯ ತಡೆಯಾದ ಬಂಪ್ ಸ್ಟಾಪಿನ ಮೇಲೆ ಕುಳಿತುಕೊಂಡೇ ಓಡುತ್ತದೆ. ಹೆದ್ದಾರಿ 66ರ ಸರ್ವಿಸ್ ರಸ್ತೆಯ ಒಂದು ಹೊಂಡ ಸಾಕು, ಸ್ಟ್ರಟ್ಟಿನ ತಲೆ ಬಾನೆಟ್ಟಿನ ಕೆಳಗೆ ಬಡಿಯುತ್ತದೆ. ಫೋಟೊದಲ್ಲಿ ಚೆಂದ, ಒಪ್ಪುತ್ತೇವೆ. ಮುಳ್ಳೇರಿಯ ದಾಟಿ ಜಾಲ್ಸೂರು, ಸುಳ್ಯ, ಸಂಪಾಜೆ ಎಂದು ಮಡಿಕೇರಿಗೆ ಹತ್ತಿ ನೋಡಿ, ಆಗ ಮಾತಾಡುವ.

ಅಗಲ ಟೈರಿನ ಬಗ್ಗೆ ನಮ್ಮ ಯುವಕರಿಗೆ ಒಂದು ಮಾತು. ಒಣ ರಸ್ತೆಯಲ್ಲಿ ಅದು ಹಿಡಿತ ಕೊಡುತ್ತದೆ, ನಿಜ. ಆದರೆ ನಮ್ಮಲ್ಲಿ ವರ್ಷಕ್ಕೆ ನಾಲ್ಕು ತಿಂಗಳು ರಸ್ತೆಯೇ ತೋಡು. ಹಗುರ ಕಾರಿನ ಅಲ್ಪ ಭಾರ ಅಗಲ ಟೈರಿನ ಮೇಲೆ ಹರಡಿಹೋದಾಗ ನೀರನ್ನು ಸೀಳುವ ಒತ್ತಡ ಸಾಲದೆ ಕಾರು ಬೇಗ ತೇಲುತ್ತದೆ. ಕಂಪನಿ ಹೇಳಿದ ಅಳತೆ, ಹೆಚ್ಚೆಂದರೆ ಅದಕ್ಕಿಂತ ಒಂದು ಅಳತೆ ಮೇಲೆ, ಅಷ್ಟು ಸಾಕು. ಅಳತೆಗಿಂತ ಮುಖ್ಯ ಟೈರಿನ ವಯಸ್ಸು. ವಾರಕ್ಕೊಮ್ಮೆ ಹೊರಗೆ ತೆಗೆಯುವ ಕಾರಿನ ಟೈರ್ ಸವೆಯುವುದಿಲ್ಲ, ಗಟ್ಟಿಯಾಗುತ್ತದೆ. ನೋಡಲು ಹೊಸದರ ಹಾಗೆ ಇರುತ್ತದೆ, ಒದ್ದೆ ತಿರುವಿನಲ್ಲಿ ಕೈಕೊಡುತ್ತದೆ. ಟೈರಿನ ಮಗ್ಗುಲಲ್ಲಿ ನಾಲ್ಕು ಅಂಕಿಗಳಿರುತ್ತವೆ: 2319 ಎಂದಿದ್ದರೆ 2019ರ 23ನೇ ವಾರದ ಟೈರ್. ಗೀರಿನ ಆಳ 1.6 ಮಿಲಿಮೀಟರಿಗೆ ಬಂದರೆ ಟೈರ್ ಮುಗಿಯಿತು ಎಂಬುದು ನಿಯಮ. ನಮ್ಮ ಮಳೆಗೆ 3 ಮಿಲಿಮೀಟರಿನಲ್ಲೇ ಬದಲಿಸುವುದು ಒಳ್ಳೆಯದು ಎಂದು ನಾವು ಹೇಳುತ್ತಲೇ ಇದ್ದೇವೆ, ಕೇಳುವವರು ಕಡಿಮೆ.

ಹಾಗಾದರೆ ಏನು ಮಾಡಿಕೊಡುತ್ತೀರಿ ಎಂದರೆ, ಮೊದಲಿಗೆ ಬ್ರೇಕ್. ಹೊಸ ತಪಾಸಣೆಯಲ್ಲಿ ಎರಡು ವರ್ಷ ದಾಟಿದ ಬ್ರೇಕ್ ಆಯಿಲನ್ನು ಕೇಳದೆಯೇ ಬದಲಿಸುತ್ತೇವೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಮಳೆಗಾಲದ ಉಪ್ಪಿನ ಭರಣಿಯ ಹಾಗೆ ಹೀರಿಕೊಳ್ಳುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕುದಿಯಲು ಕನಿಷ್ಠ 230 ಡಿಗ್ರಿ ಬೇಕು. ತೇವ ಸೇರಿದ ಮೇಲೆ ಅದಕ್ಕೆ ಇರುವ ಕನಿಷ್ಠ ಮಿತಿ 155 ಡಿಗ್ರಿ. ಡಾಟ್ 3 ಆದರೆ 205ರಿಂದ 140ಕ್ಕೆ ಇಳಿಯುತ್ತದೆ. ಸಂಪಾಜೆ ಘಾಟಿ ಇಳಿಯುವಾಗ ಬ್ರೇಕ್ ಮೇಲೆಯೇ ಕಾಲಿಟ್ಟರೆ ಆಯಿಲ್ ಕುದ್ದು ಆವಿಯಾಗುತ್ತದೆ, ಪೆಡಲ್ ನೆಲ ಮುಟ್ಟುತ್ತದೆ. ದೊಡ್ಡ ಡಿಸ್ಕ್ ಕೇಳಿಕೊಂಡು ಬರುವವರಿಗೆ ನಾವು ಹೇಳುವುದು ಒಂದೇ: ಮೊದಲು ತಾಜಾ ಡಾಟ್ 4, ಒಳ್ಳೆಯ ಪ್ಯಾಡ್, ಹಳೆಯ ರಬ್ಬರ್ ಹೋಸ್‌ಗಳ ಬದಲಿ. ಹಗುರ ಕಾರಿಗೆ ಅಷ್ಟರಲ್ಲೇ ಕೆಲಸ ಮುಗಿಯುತ್ತದೆ. ಡಾಟ್ 5 ಎಂಬುದು ಸಿಲಿಕೋನ್ ಆಯಿಲ್, ಸಂಖ್ಯೆ ದೊಡ್ಡದೆಂದು ಅದನ್ನು 4ರ ಜೊತೆ ಬೆರೆಸಬೇಡಿ. ಇಳಿಜಾರಿನಲ್ಲಿ ಎರಡನೇ ಗೇರು ಹಾಕಿ ಇಳಿಯಿರಿ, ಅದಕ್ಕೆ ಬಿಲ್ ಇಲ್ಲ.

ಎರಡನೆಯದು ಬುಷ್, ಅಂದರೆ ಸಸ್ಪೆನ್ಷನ್ ಕೀಲುಗಳ ಮೆತ್ತೆ, ಮತ್ತು ಚಕ್ರಗಳ ಅಲೈನ್‌ಮೆಂಟ್. ಲೋವರ್ ಆರ್ಮಿನ ರಬ್ಬರ್ ಬುಷ್ ಹರಿದಿದ್ದರೆ ಯಾವ ಸ್ಪೋರ್ಟ್ಸ್ ಶಾಕ್ ಹಾಕಿದರೂ ದುಡ್ಡು ದಂಡ. ಪಾಲಿಯುರೆಥೇನ್ ಬುಷ್ ಕೆಲವರು ಕೇಳುತ್ತಾರೆ. ರೇಸ್ ಟ್ರ್ಯಾಕಿಗೆ ಸರಿ, ಬದಿಯಡ್ಕದಿಂದ ಪೆರ್ಲಕ್ಕೆ ಹೋಗುವವರಿಗೆ ಕಂಪನಿಯ ರಬ್ಬರೇ ಸುಖ. ಅಲೈನ್‌ಮೆಂಟ್ ಮಾಡುವಾಗ ಇನ್ನು ಮುಂದೆ ಚಾಲಕರ ಸೀಟಿನ ಮೇಲೆ ನಿಮ್ಮ ತೂಕದಷ್ಟು ಮರಳಿನ ಚೀಲ ಇಡುತ್ತೇವೆ. ನಗಬೇಡಿ. 700 ಕಿಲೊದ ಕಾರಿನಲ್ಲಿ 70 ಕಿಲೊದ ಮನುಷ್ಯ ಕುಳಿತರೆ ಹತ್ತರಲ್ಲಿ ಒಂದು ಪಾಲು ಒಂದೇ ಬದಿಗೆ ಬಿತ್ತು, ಚಕ್ರದ ಕೋನ ಅಷ್ಟಕ್ಕೇ ಬದಲಾಗುತ್ತದೆ. ಖಾಲಿ ಕಾರಿನ ಅಲೈನ್‌ಮೆಂಟ್ ಖಾಲಿ ಕಾರಿಗೆ ಮಾತ್ರ ಸರಿ.

ಮೂರನೆಯದು ನೀರು ಮತ್ತು ತುಕ್ಕು. ಮಂಜೇಶ್ವರದಿಂದ ಬೇಕಲದವರೆಗೆ ಕಡಲಬದಿಯಲ್ಲಿರುವವರಿಗೆ ಬಿಡಿಸಿ ಹೇಳಬೇಕಿಲ್ಲ. ಎಂಎಕ್ಸ್ 5 ಇರುವವರು ಮಾತ್ರ ಇದನ್ನು ಗಮನವಿಟ್ಟು ಓದಿ. ಬಟ್ಟೆಯ ಮಾಡಿನ ಮೇಲೆ ಬಿದ್ದ ನೀರು ಸೀಟಿನ ಹಿಂದೆ ಎರಡೂ ಬದಿಯ ಸಣ್ಣ ತೂತುಗಳ ಮೂಲಕ ಕೆಳಗೆ ಇಳಿಯುತ್ತದೆ. ಮರದ ಕೆಳಗೆ ನಿಲ್ಲಿಸುವ ಕಾರಿನಲ್ಲಿ ಅದು ಎಲೆಪುಡಿ, ಧೂಳಿನಿಂದ ಕಟ್ಟಿಕೊಳ್ಳುತ್ತದೆ. ಆಗ ನೀರು ಒಳಗಿನ ಕಾರ್ಪೆಟ್ಟಿಗೆ, ಅಲ್ಲಿಂದ ಬಾಗಿಲಿನ ಕೆಳಗಿನ ಸಿಲ್ಲಿಗೆ. ಹೊರಗಿನ ಬಣ್ಣ ಉಬ್ಬುವ ಹೊತ್ತಿಗೆ ಒಳಗೆ ತಗಡೇ ಉಳಿದಿರುವುದಿಲ್ಲ. ಮೆತ್ತನೆಯ ಪ್ಲಾಸ್ಟಿಕ್ ನಳಿಗೆ ತೂರಿಸಿ ಒಂದು ಲೋಟ ನೀರು ಹೊಯ್ದು ನೋಡಿ; ಕಾರಿನ ಕೆಳಗೆ ಬಿದ್ದರೆ ಸರಿ, ಬೀಳದಿದ್ದರೆ ನಮ್ಮಲ್ಲಿಗೆ ತನ್ನಿ. ಮಾಡನ್ನು ಪ್ರೆಶರ್ ಪೈಪಿನಿಂದ ತೊಳೆಯಬೇಡಿ, ಹೊಲಿಗೆ ಬಿಡುತ್ತದೆ. ಹಿಂದಿನ ಪ್ಲಾಸ್ಟಿಕ್ ಕಿಟಕಿ ಇರುವ ಮಾದರಿಯಲ್ಲಿ ಮಾಡು ಮಡಚುವ ಮುಂಚೆ ಅದರ ಝಿಪ್ ತೆರೆಯಿರಿ. ಇನ್ನೊಂದು: ಮೊದಲ ಎರಡು ತಲೆಮಾರಿನ ಎಂಎಕ್ಸ್ 5ರ ಬ್ಯಾಟರಿ ಇರುವುದು ಡಿಕ್ಕಿಯಲ್ಲಿ, ಅದಕ್ಕೆ ಅನಿಲ ಹೊರಹೋಗುವ ಕೊಳವೆ ಇರಬೇಕು. ಅಗ್ಗಕ್ಕೆ ಸಿಕ್ಕಿತೆಂದು ಮಾಮೂಲಿ ಬ್ಯಾಟರಿ ಕೂರಿಸಿದರೆ ಆಮ್ಲದ ಹಬೆಗೆ ಡಿಕ್ಕಿಯ ತಗಡು ತಿಂದುಹೋಗುತ್ತದೆ. ಸ್ಯಾನ್ ಸ್ಟಾರ್ಮಿನವರಿಗೆ ಮೈಗೆ ತುಕ್ಕಿಲ್ಲವೆಂಬ ನೆಮ್ಮದಿ. ಆದರೆ ಫೈಬರಿನ ಕೆಳಗಿರುವುದು ಉಕ್ಕೇ. ರೆನೋ 1.2 ಲೀಟರ್ ಎಂಜಿನ್ನಿನ ಬಿಡಿಭಾಗ ಹುಡುಕಲು ನಮಗೂ ಹೊತ್ತು ಬೇಕು, ಮುಂಚಿತವಾಗಿ ತಿಳಿಸಿ.

ಪೆಟ್ರೋಲಿನದ್ದು ಹೊಸ ತಲೆನೋವು. 2025ರಲ್ಲಿ ದೇಶದ ಪೆಟ್ರೋಲು ಶೇಕಡಾ 20 ಎಥನಾಲ್ ಮಿಶ್ರಣಕ್ಕೆ ಬಂದು ಮುಟ್ಟಿತು. ನಿಮ್ಮ ಕಾರ್ಬುರೇಟರ್ ಝೆನ್ನಿನ ರಬ್ಬರುಗಳಿಗೆ ಇದು ಹೇಳಿ ಮಾಡಿಸಿದ್ದಲ್ಲ. ಹಳೆಯ ಹೋಸ್‌ಗಳು ಉಬ್ಬುತ್ತವೆ, ಬಿರಿಯುತ್ತವೆ. ಟ್ಯಾಂಕಿನ ತಳದ ಹಳೆಯ ಕಿಟ್ಟ ಕರಗಿ ಫಿಲ್ಟರಿಗೆ ಬಂದು ಕೂರುತ್ತದೆ. ಹತ್ತು ವರ್ಷ ದಾಟಿದ ಕಾರುಗಳಲ್ಲಿ ಪೆಟ್ರೋಲ್ ಹೋಸ್ ಮತ್ತು ಫಿಲ್ಟರ್ ಬದಲಾವಣೆಯನ್ನು ತಪಾಸಣೆಯ ಪ್ಯಾಕೇಜಿಗೇ ಸೇರಿಸಿದ್ದೇವೆ. ಹೋಸ್‌ನ ಬೆಲೆ ಮಾತ್ರ ನಿಮ್ಮದು, ಕೂಲಿ ಇಲ್ಲ. ಬಿಸಿ ಎಂಜಿನ್ನಿನ ಪಕ್ಕ ಪೆಟ್ರೋಲ್ ತೊಟ್ಟಿಕ್ಕುವ ಕಾರನ್ನು ಸುಮ್ಮನೆ ವಾಪಸು ಕಳಿಸಲು ನಮಗೆ ಧೈರ್ಯವಿಲ್ಲ. ಕಾರ್ಬುರೇಟರಿನ ಮಿಕ್ಸ್ಚರ್ ಕೂಡ ಸ್ವಲ್ಪ ತುಂಬಿಸಬೇಕಾಗುತ್ತದೆ, ಎಥನಾಲಿಗೆ ಗಾಳಿ ಕಡಿಮೆ ಸಾಕು. ಮೈಲೇಜು ಇಳಿಯಿತೆಂದು ನಮ್ಮ ಮೇಲೆ ಸಿಟ್ಟಾಗಬೇಡಿ, ಎಥನಾಲಿನ ಶಕ್ತಿಯೇ ಪೆಟ್ರೋಲಿಗಿಂತ ಮೂರರಲ್ಲಿ ಒಂದು ಪಾಲು ಕಡಿಮೆ.

ಗಲ್ಫಿನಲ್ಲಿದ್ದು ವರ್ಷಕ್ಕೊಮ್ಮೆ ಊರಿಗೆ ಬರುವವರ ಕಾರುಗಳೇ ನಮಗೆ ಹೆಚ್ಚು ಕೆಲಸ ಕೊಡುವುದು. ಓಡದ ಕಾರು ಓಡುವ ಕಾರಿಗಿಂತ ಬೇಗ ಹಾಳಾಗುತ್ತದೆ. ಹೊರಡುವ ಮುಂಚೆ ಆಯಿಲ್ ಬದಲಿಸಿ, ಟೈರಿನ ಗಾಳಿ ಐದು ಪೌಂಡು ಹೆಚ್ಚಿಸಿ, ಬ್ಯಾಟರಿಯ ನೆಗೆಟಿವ್ ಕಳಚಿ. ಹ್ಯಾಂಡ್‌ಬ್ರೇಕ್ ಎಳೆಯದೆ ಗೇರಿನಲ್ಲಿ ನಿಲ್ಲಿಸಿ ಚಕ್ರಕ್ಕೆ ಕಲ್ಲಿಡಿ. ಎಳೆದು ಹೋದರೆ ಮಳೆಯ ಆಟಿ ತಿಂಗಳು ಮುಗಿಯುವಾಗ ಬ್ರೇಕ್ ಶೂ ಡ್ರಮ್ಮಿಗೆ ಅಂಟಿರುತ್ತದೆ. ನೀಲಿ ಟಾರ್ಪಾಲು ಹೊದಿಸಬೇಡಿ, ತೇವ ಒಳಗೇ ಬೆವರುತ್ತದೆ. ಅಡಿಕೆ ಗೋಣಿ ಇರುವ ಕೊಟ್ಟಿಗೆಯಲ್ಲಿ ಇಡುವುದಂತೂ ಬೇಡವೇ ಬೇಡ. ಅಡಿಕೆಗೆ ಇಲಿ ಬರುವುದಿಲ್ಲ ಎನ್ನುತ್ತೀರಿ, ಗೋಣಿಯೊಳಗೆ ಗೂಡು ಕಟ್ಟಲು ಬರುತ್ತದೆ, ವಯರಿಂಗ್ ಅದಕ್ಕೆ ಬೋನಸ್. ಟೈಮಿಂಗ್ ಬೆಲ್ಟಿಗೆ ಕಿಲೋಮೀಟರ್ ಎಷ್ಟೇ ಕಡಿಮೆ ಆಗಿರಲಿ, ವಯಸ್ಸನ್ನೂ ನೋಡುತ್ತೇವೆ.

ಮಾರ್ಪಾಡು ಪೂರ್ತಿ ನಿಲ್ಲಿಸಿದ್ದೇವೆ ಎಂದು ತಿಳಿಯಬೇಡಿ. ಬೆನ್ನಿಗೆ ಆನಿಕೆ ಕೊಡುವ ಹಾಗೆ ಕಂಪನಿ ಸೀಟಿನ ಫೋಮ್ ಸರಿಪಡಿಸುವುದು, ಹಳೆಯ ಹೆಡ್‌ಲೈಟಿಗೆ ರಿಲೇ ಕೂರಿಸಿ ಮಂಕು ಬೆಳಕನ್ನು ನೇರ್ಪು ಮಾಡುವುದು, ಕಂಪನಿಯ ಎತ್ತರ ಉಳಿಸಿಕೊಂಡೇ ಒಳ್ಳೆಯ ಶಾಕ್ ಹಾಕುವುದು, ಇವೆಲ್ಲ ಮುಂದುವರಿಯುತ್ತವೆ. ಬಣ್ಣ ಬದಲಿಸುವವರು ಆರ್‌ಟಿಒ ಒಪ್ಪಿಗೆ ಮಾಡಿಸಿಕೊಂಡು ಬನ್ನಿ. ಬಾನೆಟ್ಟಿನೊಳಗೆ ಬಿಚ್ಚಿಟ್ಟ ಕೋನ್ ಏರ್ ಫಿಲ್ಟರ್ ನಾವು ಮೊದಲಿನಿಂದಲೂ ಹಾಕುತ್ತಿರಲಿಲ್ಲ. ಎಂಜಿನ್ನಿನ ಬಿಸಿಗಾಳಿ ಕುಡಿದು ಬಲ ಕಳೆದುಕೊಳ್ಳುತ್ತದೆ, ನೀರು ನಿಂತ ರಸ್ತೆಯಲ್ಲಿ ನೀರನ್ನೂ ಕುಡಿದರೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ತೂಕ ಇಳಿಸಬೇಕೆಂದು ಫೈಬರ್ ಬಾನೆಟ್ ಕೇಳುವವರು ದಯವಿಟ್ಟು ಮೊದಲು ಡಿಕ್ಕಿಯ ಸಬ್‌ವೂಫರ್ ಇಳಿಸಿ. ಸ್ಟೆಪ್ನಿ ಮಾತ್ರ ಇರಲಿ.

ಈಗಾಗಲೇ ಆ ನಾಲ್ಕರಲ್ಲಿ ಯಾವುದಾದರೂ ಕೆಲಸಕ್ಕೆ ಮುಂಗಡ ಕೊಟ್ಟವರಿಗೆ ಹಣ ಪೂರ್ತಿ ಹಿಂತಿರುಗಿಸುತ್ತೇವೆ, ಬೇಕಿದ್ದರೆ ತಪಾಸಣೆಯ ಬಿಲ್ಲಿನಲ್ಲಿ ಅದನ್ನು ವಜಾ ಮಾಡಿಕೊಳ್ಳಬಹುದು. ಕತ್ತರಿಸಿದ ಸ್ಪ್ರಿಂಗ್ ತೆಗೆದು ಕಂಪನಿ ಸ್ಪ್ರಿಂಗ್ ಹಾಕಿಸುವವರಿಗೆ ಈ ಮಳೆಗಾಲದವರೆಗೆ ಕೂಲಿಯಲ್ಲಿ ಅರ್ಧ ರಿಯಾಯಿತಿ. ಸರ್ವಿಸ್ ಕಾರ್ಡನ್ನು ಈ ಬಾರಿ ಕನ್ನಡದಲ್ಲೂ ಮಲಯಾಳದಲ್ಲೂ ಅಚ್ಚು ಹಾಕಿಸಿದ್ದೇವೆ, ಯಾವುದು ಬೇಕೆಂದು ಹೇಳಿ.

ಬುಕಿಂಗಿಗೆ ಸಂಜೆ ಫೋನ್ ಮಾಡಿದರೆ ಒಳ್ಳೆಯದು, ಬೆಳಿಗ್ಗೆ ಎಲ್ಲರ ಕೈಯಲ್ಲಿ ಗ್ರೀಸ್ ಇರುತ್ತದೆ. ಕಾರಿನ ಮಾದರಿ, ಕಳೆದ ಬಾರಿ ಬ್ರೇಕ್ ಆಯಿಲ್ ಬದಲಿಸಿದ ವರ್ಷ, ನಾಲ್ಕೂ ಟೈರಿನ ಆ ನಾಲ್ಕಂಕಿಯ ಫೋಟೊ, ಇಷ್ಟನ್ನು ವಾಟ್ಸಾಪಿಗೆ ಹಾಕಿಬಿಡಿ. ಬಿಡಿಭಾಗ ಮಂಗಳೂರಿನಿಂದ ಮೊದಲೇ ತರಿಸಿಡುತ್ತೇವೆ. ಭಾನುವಾರ ರಜೆ.

ನಿಮ್ಮ,
ವರ್ಕ್‌ಶಾಪಿನ ಪಾಲುದಾರರು ಮತ್ತು ಕೆಲಸಗಾರರು
ಸೀತಾಂಗೋಳಿ, ಕಾಸರಗೋಡು