ಆ ರಟ್ಟು ತೆಗೆದುಬಿಡು, ಪುಟ್ಟಿ

ಹಾಸನ, ಭಾನುವಾರ

ಪುಟ್ಟಿ,

ಕ್ಷೇಮವಾಗಿ ಮನೆ ಸೇರಿದೆ. ಯಶವಂತಪುರದಲ್ಲಿ ರೈಲು ಹತ್ತಿದಾಗಿನಿಂದ ಶ್ರವಣಬೆಳಗೊಳ ದಾಟುವವರೆಗೂ ಮಲ್ಲೇಶ್ವರದ ನಿನ್ನ ಸ್ಟುಡಿಯೋ ಮನೆಯೇ ಕಣ್ಣ ಮುಂದಿತ್ತು.

ಮೊದಲ ದಿನ ನನಗೆ ಬೇಜಾರಾಗಿದ್ದು ನಿಜ. ಒಲೆ, ಹಾಸಿಗೆ, ಬಟ್ಟೆ, ಪುಸ್ತಕ ಎಲ್ಲಾ ಒಂದೇ ಕೋಣೆಯಲ್ಲಿ. ನಮ್ಮ ಹಜಾರದಷ್ಟೂ ಇಲ್ಲ. ರಾತ್ರಿ ಇಬ್ಬರೂ ನೆಲದ ಮೇಲೆ ಮಲಗಿದೆವಲ್ಲ, ನೀನು ಮಗ್ಗುಲಾಗುವುದು ಕೇಳಿಸುತ್ತಿತ್ತು. ನೀನು ಹೈಸ್ಕೂಲಿಗೆ ಸೇರಿದ ಮೇಲೆ ನಾವು ಒಂದೇ ಕೋಣೆಯಲ್ಲಿ ಮಲಗಿದ್ದು ಇದೇ ಮೊದಲು, ಅಲ್ವಾ? ಬೇಜಾರೆಲ್ಲ ಅಲ್ಲೇ ಕರಗಿತು.

ಆದರೆ ವೆಂಟಿಲೇಟರಿಗೆ ಹಚ್ಚಿರುವ ರಟ್ಟು ತೆಗೆದುಬಿಡು. ಸೊಳ್ಳೆ ಬರುತ್ತದೆ ಅಂದೆ. ಜಾಲರಿ ಹೊಡೆಸು. ಚಳಿ ಅಂದೆ. ಕಂಬಳಿ ಕೊಟ್ಟು ಬಂದಿದ್ದೇನೆ. ನೀನಿರುವ ಬಡಾವಣೆ ಬೆಳೆದಿದ್ದೇ ಗಾಳಿ ಬೆಳಕಿಗೋಸ್ಕರ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟಿನ ಬೀದಿಗಳಲ್ಲಿ ಜನ ಸತ್ತರು. ಅದನ್ನು ಬಿಟ್ಟು ಬಂದವರಿಂದಲೇ ಮಲ್ಲೇಶ್ವರ, ಬಸವನಗುಡಿ ತುಂಬಿದ್ದು. ಮನೆಗಳ ನಡುವೆ ಜಾಗ, ಬೆನ್ನಿಗೆ ಕಸ ಸಾಗಿಸಲು ಓಣಿ. ಈಗ ನೀನು ಬೀಗ ತೆಗೆದು ಒಳಗೆ ಹೋಗುವುದೂ ಅಂಥ ಓಣಿಯಿಂದಲೇ.

ಗೋಡೆಗೆ ಆಯಿಲ್ ಪೇಂಟ್ ಬಳಿಸುತ್ತೇವೆ ಅಂದಿದ್ದಾರಂತೆ ಓನರ್. ಬೇಡ ಅನ್ನು. ಅಜ್ಜಿ ಮನೆಯ ಗಾರೆ ಗೋಡೆಗೆ ನಾವು ಬಳಿಸಿದ ಪೇಂಟು ಒಂದೇ ಮಳೆಗಾಲಕ್ಕೆ ಹಪ್ಪಳದ ಹಾಗೆ ಎದ್ದು ಬಂತಲ್ಲ. ಒಳಗಿನ ತೇವಕ್ಕೆ ಹೊರಗೆ ಹೋಗಲು ದಾರಿಯೇ ಇರಲಿಲ್ಲ. ಹಳೇ ಗೋಡೆಗೆ ಸುಣ್ಣವೇ ಸರಿ.

ಇನ್ನೊಂದು ಮಾತು, ಇದೇ ನನ್ನ ನಿದ್ದೆ ಕೆಡಿಸಿರುವುದು. ನೀನು ಸಿಲಿಂಡರಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ ಮಲಗುತ್ತೀಯ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗುವುದಿಲ್ಲ, ನೆಲದ ಮೇಲೇ ಹರಡುತ್ತದೆ. ನಿನ್ನ ಹಾಸಿಗೆ ಇರುವುದೂ ನೆಲದ ಮೇಲೇ. ಇದಕ್ಕೆ ವೆಂಟಿಲೇಟರ್ ಒಂದೇ ಸಾಲದು. ರಾತ್ರಿ ರೆಗ್ಯುಲೇಟರ್ ಆಫ್ ಮಾಡಿಯೇ ಮಲಗು. ಬಾಗಿಲ ಕೆಳಗಿನ ಸಂದಿಗೆ ಬಟ್ಟೆ ತುರುಕಬೇಡ. ವಾಸನೆ ಬಂದರೆ ಲೈಟ್ ಸ್ವಿಚ್ ಮುಟ್ಟಬೇಡ, ಮೊದಲು ಬಾಗಿಲು ತೆಗೆದು ಹೊರಗೆ ಬಾ. ಅವತ್ತು ರಾತ್ರಿ ನಾನು ಎರಡು ಸಲ ಎದ್ದು ಒಲೆ ಹತ್ತಿರ ಹೋಗಿದ್ದು ಇದಕ್ಕೇ. "ಸುಮ್ನೆ ಮಲಗಮ್ಮ" ಅಂತ ರೇಗಿದೆ ನೀನು.

ಹಾಸನಾಂಬೆ ಬಾಗಿಲು ತೆಗೆದಾಗ ರಜೆ ಹಾಕಿ ಬಾ. ಅಟ್ಟದ ಮೇಲಿದ್ದ ಮಡಚುವ ಮಂಚವನ್ನು ಅಪ್ಪ ನಿನ್ನೆಯೇ ಇಳಿಸಿ, ಒರೆಸಿ, ಹೊಸ ನವಾರು ಬಿಗಿದಿದ್ದಾರೆ. ನೀನು ವಾಪಸ್ ಹೊರಟಾಗ ತಾವೇ ಹೊತ್ತುಕೊಂಡು ಜೊತೆಗೆ ಬರುತ್ತಾರಂತೆ.

ನಿನ್ನ ಅಮ್ಮ