ತರಬೇತಿಯ ಸುದ್ದಿ ಬಿತ್ತನೆಗೆ ಮೊದಲೇ ಸಿಗಲಿ

ಮಾನ್ಯ ಸಂಪಾದಕರೇ,

ನಾನು ಕೃಷಿ ವಿಶ್ವವಿದ್ಯಾಲಯವೊಂದರ ವಿಸ್ತರಣಾ ಸಿಬ್ಬಂದಿ, ಅಂದರೆ ಹೊಸ ಕೃಷಿ ಮಾಹಿತಿಯನ್ನು ಹಳ್ಳಿಯ ರೈತರಿಗೆ ತಲುಪಿಸುವವನು. ಕಳೆದ ಹಂಗಾಮಿನಲ್ಲಿ ರೈತರೊಬ್ಬರು ಮೆಕ್ಕೆಜೋಳದ ಗಿಡವೊಂದನ್ನು ಕಿತ್ತು ತಂದಿದ್ದರು. ಸುಳಿ ಬಿಡಿಸಿದರೆ ಒಳಗೆ ಮರದ ಪುಡಿಯಂಥ ಹಿಕ್ಕೆ. ಅದರ ನಡುವೆ ಹಣೆಯ ಮೇಲೆ ತಲೆಕೆಳಗಾದ 'ವೈ' ಗುರುತು ಹೊತ್ತ ಸೈನಿಕ ಹುಳು. ಅಷ್ಟು ಬಲಿತು ಸುಳಿಯೊಳಗೆ ಸೇರಿದ ಮೇಲೆ ಔಷಧಿ ತಾಗುವುದು ಕಷ್ಟ. ಮರಿ ಇದ್ದಾಗಲೇ ಹಿಡಿಯಬೇಕು. ಇದೇ ಹುಳುವಿನ ಬಗ್ಗೆ ನಮಗೆ ತರಬೇತಿ ಇತ್ತು. ಆದರೆ ಅದರ ಸುತ್ತೋಲೆ ಕೈಗೆ ಬಂದಿದ್ದು ಕೊಯ್ಲು ಮುಗಿದ ಮೇಲೆ! ಆ ರೈತರ ಮುಖ ಇನ್ನೂ ಕಣ್ಣ ಮುಂದಿದೆ.

ಕಾರ್ಯಾಗಾರಗಳಿಗೆ, ಹೊಲದಲ್ಲೇ ಬೆಳೆ ತೋರಿಸುವ ಕ್ಷೇತ್ರೋತ್ಸವಗಳಿಗೇನೂ ಕೊರತೆಯಿಲ್ಲ. ಸುದ್ದಿ ಮಾತ್ರ ಹಿಂದಿನ ದಿನ ಸಂಜೆ ಬರುತ್ತದೆ. ಹಳ್ಳಿ ಸುತ್ತುವವರು ಆಗ ಏನು ಮಾಡಬೇಕು? ರೈತರಿಗೆ ಕೊಟ್ಟ ಮಾತು ಬಿಟ್ಟು ಹೋಗೋಕಾಗುತ್ತಾ?

1903ರಲ್ಲಿ ಅಮೆರಿಕದ ಟೆಕ್ಸಸ್‌ನ ಟೆರೆಲ್‌ನಲ್ಲಿ ಕೃಷಿ ತಜ್ಞ ಸೀಮನ್ ನ್ಯಾಪ್ ರೈತರ ಹೊಲದಲ್ಲೇ ಪ್ರಾತ್ಯಕ್ಷಿಕೆ ಮಾಡಿಸಿದರು. ಕಣ್ಣಾರೆ ಕಂಡರೆ ರೈತರು ನಂಬುತ್ತಾರೆ ಎಂಬುದು ಅಲ್ಲಿ ಗೊತ್ತಾಯಿತು. ಹಾಗೆ ತೋರಿಸಬೇಕಾದ ನಾವೇ ತಡವಾಗಿ ಕಲಿತರೆ ಹೇಗೆ?

ಕಾರ್ಯಕ್ರಮಗಳ ಪಟ್ಟಿ ಬೆಳೆಯ ಹಂತ ನೋಡಿ ತಯಾರಾಗಲಿ. ಕೀಟದ ತರಬೇತಿ ಬಿತ್ತನೆಗೆ ಮೊದಲು ನಡೆಯಲಿ, ಕನಿಷ್ಠ 3 ವಾರ ಮುಂಚೆ ತಿಳಿಸಲಿ. ಹೊಸ ತಳಿ, ಹೊಸ ಶಿಫಾರಸುಗಳ ವಿಷಯವೂ ಅಷ್ಟೇ; ಎಷ್ಟೋ ಸಲ ಅದು ನಮಗಿಂತ ಮೊದಲು ಅಂಗಡಿಯವರಿಗೆ ಗೊತ್ತಿರುತ್ತದೆ. ತಮ್ಮ ಪತ್ರಿಕೆಯೂ ಕೃಷಿ ಪುಟದಲ್ಲಿ ವಾರಕ್ಕೊಮ್ಮೆ ಇಂಥ ಕಾರ್ಯಕ್ರಮಗಳ ದಿನಾಂಕ ಹಾಕಿದರೆ ನಮಗೆ ತುಂಬಾ ಅನುಕೂಲ.

– ಒಬ್ಬ ವಿಸ್ತರಣಾ ಕಾರ್ಯಕರ್ತ